ವಿಶ್ವಸಂಸ್ಥೆಯ ಬಾಕಿ ವಂತಿಗೆ: 70 ರೂಪಾಯಿಯ ಆ ನೋಟ್ಸ್ ಕೊಳ್ಳಬಹುದೇ?

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಝೆರಾಕ್ಸ್ ಅಂಗಡಿಗಳಲ್ಲಿ ಕೆಎಎಸ್ ಓದುವವರಿಗೆಂದು ಸ್ಪೈರಲ್ ಹಾಕಿದ 48 ಪುಟದ ನೋಟ್ಸ್ ಸಿಗುತ್ತಿದೆ. ವಿಶ್ವಸಂಸ್ಥೆಗೆ ಸದಸ್ಯ ದೇಶಗಳು ಕೊಡುವ ವಂತಿಗೆ, ಅಮೆರಿಕ ಉಳಿಸಿಕೊಂಡ ಬಾಕಿ, ಅದನ್ನು ತೀರಿಸಲು ಅಮೆರಿಕ ಹಾಕಿದ ಸುಧಾರಣೆಯ ಷರತ್ತು ಇದರ ವಿಷಯ. ಕನ್ನಡದಲ್ಲಿ ಇಷ್ಟು ಬಿಡಿಸಿ ಬರೆದದ್ದು ಅಪರೂಪ. ಹಾಗಾಗಿಯೇ ಇದರ ತಪ್ಪುಗಳು ಉತ್ತರ ಪತ್ರಿಕೆಗೆ ಹೋಗಬಾರದು.

ವಂತಿಗೆಯ ಪಾಲು ಗೊತ್ತುಮಾಡುವ ಅಧ್ಯಾಯ ಚೆನ್ನಾಗಿದೆ. 3 ಮತ್ತು 6 ವರ್ಷಗಳ ರಾಷ್ಟ್ರೀಯ ಆದಾಯದ ಸರಾಸರಿ ಹಿಡಿದು, ಸಾಲದ ಹೊರೆ ಕಳೆದು, ತಲಾ ಆದಾಯ ಕಡಿಮೆಯಿದ್ದರೆ ರಿಯಾಯಿತಿ ಕೊಟ್ಟು, ಕೊನೆಗೆ ಕನಿಷ್ಠ 0.001, ಗರಿಷ್ಠ 22 ಪರ್ಸೆಂಟ್ ಮಿತಿ ಹಾಕುವವರೆಗೆ ಲೆಕ್ಕ ಸರಿಯಾಗಿ ಸಾಗುತ್ತದೆ. 2025–27ರ ಭಾರತದ ಪಾಲು 1.106, ಚೀನಾದ್ದು 20.004 ಪರ್ಸೆಂಟ್ ಎಂಬ ಅಂಕಿಗಳೂ ಸರಿ. ಮೇಲಿನ ಮಿತಿ ಇಳಿದಾಗ ಉಳಿದ ಭಾರ ಬೇರೆ ದೇಶಗಳ ತಲೆಗೆ ಬೀಳುತ್ತದೆ ಎಂಬುದನ್ನು ಕೋಷ್ಟಕದಲ್ಲೇ ತೋರಿಸಿದ್ದಾರೆ. ಈ ಒಂದು ಪುಟಕ್ಕೇ ದುಡ್ಡು ಕೊಡಬಹುದು.

ಷರತ್ತಿನ ಅಧ್ಯಾಯದಲ್ಲಿ ಮಾತ್ರ ಎಡವಿದ್ದಾರೆ. ಷರತ್ತು ಹಾಕಿ ಬಾಕಿ ತೀರಿಸಲು ಅಮೆರಿಕ ಮಾಡಿದ 1999ರ ಹೆಲ್ಮ್ಸ್-ಬೈಡನ್ ಕಾಯ್ದೆಯಲ್ಲಿ ಆ ದೇಶ 926 ಮಿಲಿಯನ್ ಡಾಲರ್ ನಗದು ಕೊಟ್ಟಿತೆಂದು ಬರೆದಿದ್ದಾರೆ. ನಗದು 819 ಮಿಲಿಯನ್ ಮಾತ್ರ. ಉಳಿದ 107 ಮಿಲಿಯನ್ ವಿಶ್ವಸಂಸ್ಥೆ ಅಮೆರಿಕಕ್ಕೆ ಕೊಡಬೇಕಿದ್ದ ಹಣದ ವಜಾ, ಅಂದರೆ ಅದನ್ನು ಬಾಕಿಯಲ್ಲಿ ಕಳೆದುಕೊಂಡದ್ದು. ಕಂತುಗಳು ಮೂರು: 100, 582, 244 ಮಿಲಿಯನ್. ವಜಾ ಸೇರಿರುವುದು ಎರಡನೆಯದರಲ್ಲಿ. ಆ ಕಂತಿಗೆ ಮುಖ್ಯವಾಗಿ ಎರಡು ಷರತ್ತು ಇದ್ದವು: ಸಾಮಾನ್ಯ ಬಜೆಟ್‌ನ ಗರಿಷ್ಠ ಮಿತಿ 25ರಿಂದ 22 ಪರ್ಸೆಂಟಿಗೆ ಇಳಿಯಬೇಕು, ಶಾಂತಿಪಾಲನೆಯ ಖರ್ಚಿನಲ್ಲಿ ಅಮೆರಿಕದ ಪಾಲು 25ಕ್ಕೆ. ಡಿಸೆಂಬರ್ 2000ದಲ್ಲಿ ಮೊದಲನೆಯದು ಈಡೇರಿತು; ಎರಡನೆಯದು 28ರ ಆಸುಪಾಸಿಗೆ ನಿಂತಿತು. ಆಮೇಲೆ ಅಮೆರಿಕದ ಸಂಸತ್ತು ತನ್ನದೇ ಷರತ್ತು ಸಡಿಲಿಸಿ 2001ರಲ್ಲಿ ಹಣ ಬಿಟ್ಟಿತು. ಮುಖ್ಯವಾದ ಈ ಭಾಗವೇ ನೋಟ್ಸ್‌ನಲ್ಲಿಲ್ಲ. ಬಜೆಟ್ ಮತದಾನದಲ್ಲಿ ಹಣಕ್ಕೆ ತಕ್ಕ ತೂಕ ಕೊಡದಿದ್ದರೆ 20 ಪರ್ಸೆಂಟ್‌ಗಿಂತ ಹೆಚ್ಚು ಕೊಡೆವು ಎಂದ ಅಮೆರಿಕದ ಸಂಸತ್ತಿನ 1985ರ ಕಾಸೆಬಾಮ್ ತಿದ್ದುಪಡಿಯನ್ನೂ ಬಿಟ್ಟಿದ್ದಾರೆ. ಅದಿಲ್ಲದೆ 1999ರ ಷರತ್ತು ಅರ್ಥವಾಗುವುದಿಲ್ಲ.

ಇನ್ನೊಂದು ದೊಡ್ಡ ತಪ್ಪು: ಬಾಕಿ ಬೆಳೆದರೆ ಭದ್ರತಾ ಮಂಡಳಿಯ ವೀಟೋ ಹೋಗುತ್ತದೆಯಂತೆ! ವಿಶ್ವಸಂಸ್ಥೆಯ ಸನ್ನದಿನ (ಚಾರ್ಟರ್) 19ನೇ ವಿಧಿ ಮುಟ್ಟುವುದು ಸಾಮಾನ್ಯ ಸಭೆಯ ಮತವನ್ನು ಮಾತ್ರ. ಬಾಕಿ ಹಿಂದಿನ ಎರಡು ಪೂರ್ಣ ವರ್ಷಗಳ ವಂತಿಗೆಯಷ್ಟು ಅಥವಾ ಅದಕ್ಕಿಂತ ಹೆಚ್ಚಾದಾಗ ಅದು ಅನ್ವಯಿಸುತ್ತದೆ. ಕೈಮೀರಿದ ಕಾರಣವಿದ್ದರೆ ಸಭೆ ವಿನಾಯಿತಿ ಕೊಡಬಹುದು. ನಮ್ಮ ಪಾಲಿಕೆಗೆ ಆಸ್ತಿ ತೆರಿಗೆ ತಡವಾದರೆ ಬಡ್ಡಿ ಬೀಳುವಂತೆ ಇಲ್ಲಿ ಬಡ್ಡಿಯೂ ಇಲ್ಲ. ಹಾಗಾಗಿಯೇ ದೊಡ್ಡ ದೇಶಕ್ಕೆ ಹಣ ಹಿಡಿದಿಟ್ಟು ಚೌಕಾಸಿ ಮಾಡುವುದು ಸಾಧ್ಯವಾಗುತ್ತದೆ.

ಕೊಳ್ಳುವವರು ಷರತ್ತಿನ ಅಧ್ಯಾಯವನ್ನು ಪೆನ್ಸಿಲ್ ಹಿಡಿದೇ ಓದಿ. ಮರುಪ್ರತಿಗಳಲ್ಲಿ ಕೋಷ್ಟಕದ ಬಲಗಡೆಯ ದಶಮಾಂಶಗಳು ಮಸುಕಾಗಿವೆ. ಮೂಲ ಪ್ರತಿಯಿಂದಲೇ ತೆಗೆದುಕೊಡಲು ಕೇಳಿ.