ಹಳೇ ಪಿಸಿ ರೌಟರ್‌ಗೆ ಓಪನ್‌ಡಬ್ಲ್ಯೂಆರ್‌ಟಿಯೋ, ಓಪಿಎನ್‌ಸೆನ್ಸೋ?

ಎರಡೂ ಪಿಸಿಯನ್ನು ರೌಟರ್ ಆಗಿಸುವ ಉಚಿತ ಆಪರೇಟಿಂಗ್ ಸಿಸ್ಟಮ್‌ಗಳು. ಮನೆಯಲ್ಲಿ ಬಿದ್ದಿರುವ ಬಿಡಿಭಾಗಗಳಲ್ಲೇ ರೌಟರ್ ಮಾಡಿಕೊಳ್ಳುವುದಾದರೆ ನನ್ನ ಓಟು ಓಪನ್‌ಡಬ್ಲ್ಯೂಆರ್‌ಟಿಗೆ. ಬಿದ್ದಿರುವ ನೆಟ್‌ವರ್ಕ್ ಕಾರ್ಡ್ ಎಂದರೆ ಸಾಮಾನ್ಯವಾಗಿ ರಿಯಲ್‌ಟೆಕ್ ಚಿಪ್ಪಿನದು, ಓಪಿಎನ್‌ಸೆನ್ಸ್‌ಗೂ ರಿಯಲ್‌ಟೆಕ್‌ಗೂ ಆಗಿಬರುವುದಿಲ್ಲ. ಇಂಟೆಲ್ ಕಾರ್ಡಿಗೆ ದುಡ್ಡು ಹಾಕಲು ತಯಾರಿದ್ದರೆ ಮಾತ್ರ ಲೆಕ್ಕ ಬದಲಾಗುತ್ತದೆ.

ಎರಡನ್ನೂ ಓಡಿಸಿದ್ದು ಒಂದೇ ಪೆಟ್ಟಿಗೆಯಲ್ಲಿ. ನಾಲ್ಕನೇ ತಲೆಮಾರಿನ ಐ5 ಇರುವ ಆಫೀಸ್ ಡೆಸ್ಕ್‌ಟಾಪ್, 8 ಜಿಬಿ ರ‍್ಯಾಮ್, 120 ಜಿಬಿ ಎಸ್‌ಎಸ್‌ಡಿ, ಬೋರ್ಡ್ ಮೇಲೆ ಒಂದು ಇಂಟೆಲ್ ಪೋರ್ಟ್, ಸ್ಲಾಟ್‌ನಲ್ಲಿ ರಿಯಲ್‌ಟೆಕ್ 8168 ಕಾರ್ಡ್. ಲೈನ್ 300 ಎಂಬಿಪಿಎಸ್ ಫೈಬರ್, ಪಿಪಿಪಿಒಇ (ಹೆಸರು, ಪಾಸ್‌ವರ್ಡ್ ಕೊಟ್ಟು ಸಂಪರ್ಕ ಪಡೆಯುವ) ಲಾಗಿನ್, ಒಎನ್‌ಟಿ (ಫೈಬರ್ ಬಂದು ಸೇರುವ ಡಬ್ಬಿ) ಬ್ರಿಜ್ ಮೋಡ್‌ನಲ್ಲಿ, ಅಂದರೆ ಲಾಗಿನ್ ಆಗುವುದು ನಮ್ಮ ರೌಟರೇ.

ತಲೆನೋವು ಶುರುವಾಗುವುದು ಡ್ರೈವರ್‌ನಿಂದ. ಓಪಿಎನ್‌ಸೆನ್ಸ್‌ನ ಬುಡದಲ್ಲಿರುವುದು ಫ್ರೀಬಿಎಸ್‌ಡಿ ಎಂಬ ಯುನಿಕ್ಸ್ ಮಾದರಿಯ ಸಿಸ್ಟಮ್, ಓಪನ್‌ಡಬ್ಲ್ಯೂಆರ್‌ಟಿಯ ಬುಡದಲ್ಲಿರುವುದು ಲಿನಕ್ಸ್. ಫ್ರೀಬಿಎಸ್‌ಡಿ ಜೊತೆಗೇ ಬರುವ ರಿಯಲ್‌ಟೆಕ್ ಡ್ರೈವರ್ ಹಗುರ ಬಳಕೆಯಲ್ಲಿ ಸುಮ್ಮನಿರುತ್ತದೆ. ಬ್ರೌಸಿಂಗ್, ವಿಡಿಯೊ ಕಾಲ್ ಎಲ್ಲ ಸರಾಗ. ದೊಡ್ಡದೊಂದು ಗೇಮ್ ಅಪ್‌ಡೇಟ್ ಪೂರ್ತಿ ವೇಗದಲ್ಲಿ ಇಳಿಯತೊಡಗಿದಾಗ ಕಾರ್ಡ್ ಗಪ್‌ಚುಪ್. ಪೋರ್ಟಿನ ಹಸಿರು ದೀಪ ಉರಿಯುತ್ತಲೇ ಇರುತ್ತದೆ, ಒಂದು ಪ್ಯಾಕೆಟ್ಟೂ ಹೊರಡುವುದಿಲ್ಲ. ಮಾನಿಟರ್ ಹಚ್ಚಿ ಕನ್ಸೋಲ್ ನೋಡಿದರೆ ‘ವಾಚ್‌ಡಾಗ್ ಟೈಮ್‌ಔಟ್’ ಎಂಬ ಸಾಲು, ಕೆಳಗೆ ಲಿಂಕ್ ಡೌನ್, ಅದರ ಕೆಳಗೆ ಲಿಂಕ್ ಅಪ್. ಕಳಿಸಲು ಕೊಟ್ಟ ಪ್ಯಾಕೆಟ್ ಹೋಯಿತೆಂದು ಚಿಪ್ ಹೇಳದಿದ್ದಾಗ, ಕಾದು ಸಾಕಾದ ಡ್ರೈವರ್ ಕಾರ್ಡನ್ನೇ ರೀಸೆಟ್ ಮಾಡಿದ ಗುರುತು ಅದು.

ರೀಸೆಟ್ಟಿಗೆ ಹಿಡಿಯುವುದು ಕೆಲವೇ ಸೆಕೆಂಡ್. ಆದರೆ ಆ ಕಾರ್ಡ್ ವ್ಯಾನ್ (ಇಂಟರ್ನೆಟ್) ಕಡೆಗಿದ್ದರೆ ಪಿಪಿಪಿಒಇ ಸೆಷನ್ ಕಡಿದುಹೋಗುತ್ತದೆ. ನಾವು ಹೋದದ್ದು ಇಂಟರ್ನೆಟ್ ಕಂಪನಿಯ ಸರ್ವರ್‌ಗೆ ಗೊತ್ತಾಗಿರುವುದಿಲ್ಲ, ಹಳೇ ಸೆಷನ್ ಇನ್ನೂ ಜೀವಂತ ಎಂದೇ ಅದರ ನಂಬಿಕೆ. ಒಂದು ಖಾತೆಗೆ ಒಂದೇ ಲಾಗಿನ್ ಎಂಬ ನಿಯಮ ಇರುವ ಕಡೆ, ಆ ಸೆಷನ್ ಟೈಮ್‌ಔಟ್ ಆಗುವ ತನಕ ಹೊಸ ಲಾಗಿನ್ ಒಪ್ಪುವುದಿಲ್ಲ. ಕೆಲವೇ ಸೆಕೆಂಡಿನ ರೋಗಕ್ಕೆ ನಿಮಿಷಗಟ್ಟಲೆ ಸೂತಕ. ಮನೆಯವರು ಬೈಯುವುದು ರಿಯಲ್‌ಟೆಕ್‌ಗಲ್ಲ, ರೌಟರ್ ಮಾಡಿದವರಿಗೆ.

ಮದ್ದು ಇದೆ. ಸಿಸ್ಟಮ್ ಮೆನುವಿನ ಫರ್ಮ್‌ವೇರ್ ಪುಟದಲ್ಲಿ ಪ್ಲಗಿನ್ಸ್ ತೆರೆದು, ರಿಯಲ್‌ಟೆಕ್ ಡ್ರೈವರ್ ಪ್ಲಗಿನ್ ಹಾಕಿ ರೀಬೂಟ್ ಮಾಡಬೇಕು. ಅದು ರಿಯಲ್‌ಟೆಕ್ ಕಂಪನಿಯದೇ ಡ್ರೈವರ್. ಹೊಸದು ನಿಜವಾಗಿ ಲೋಡ್ ಆಗಿದೆಯೇ ಎಂದು ಶೆಲ್‌ನಲ್ಲಿ ಕೆರ್ನಲ್ ಮಾಡ್ಯೂಲ್‌ಗಳ ಪಟ್ಟಿ ತೆಗೆದು ನೋಡಿ. ಪ್ಲಗಿನ್ ಹಾಕಿದ್ದೇವೆ ಎಂದು ಸುಮ್ಮನಾದರೆ ಹಳೇ ಡ್ರೈವರೇ ಓಡುತ್ತಿರಬಹುದು. ಇಂಟರ್‌ಫೇಸ್ ಸೆಟ್ಟಿಂಗ್ಸ್‌ನಲ್ಲಿ ಚೆಕ್‌ಸಮ್, ಟಿಎಸ್‌ಒ, ಎಲ್‌ಆರ್‌ಒ ಮೂರೂ ಹಾರ್ಡ್‌ವೇರ್ ಆಫ್‌ಲೋಡ್‌ಗಳು (ಪ್ರೊಸೆಸರ್ ಬದಲು ಕಾರ್ಡೇ ಮಾಡುವ ಕೆಲಸಗಳು) ಆಫ್ ಆಗಿರಲಿ. ಪ್ಲಗಿನ್ ಇಳಿಸುವುದಕ್ಕೆ ಇಂಟರ್ನೆಟ್ ಬೇಕಲ್ಲ, ಆ ಹೊತ್ತಿಗೆ ಇಂಟೆಲ್ ಪೋರ್ಟನ್ನು ವ್ಯಾನ್ ಮಾಡಿಕೊಳ್ಳಿ. ಆಮೇಲೂ ಹಾಗೇ ಬಿಡುವುದು ಒಳ್ಳೆಯದು: ಲ್ಯಾನ್ (ಮನೆಯೊಳಗಿನ ನೆಟ್‌ವರ್ಕ್) ಕಡೆಯ ಕಾರ್ಡ್ ಎಡವಿದರೆ ಕನಿಷ್ಠ ಪಿಪಿಪಿಒಇ ಉಳಿಯುತ್ತದೆ.

ಓಪನ್‌ಡಬ್ಲ್ಯೂಆರ್‌ಟಿಯಲ್ಲಿ ಇದೇ ಕಾರ್ಡ್, ಇದೇ ಸ್ಲಾಟ್, ಇದೇ ಡೌನ್‌ಲೋಡ್: ಏನೂ ಆಗಲಿಲ್ಲ. ಲಿನಕ್ಸ್‌ನ ಆರ್8169 ಡ್ರೈವರ್ 64 ಬಿಟ್ ಪಿಸಿ ಇಮೇಜ್‌ನಲ್ಲೇ ಸೇರಿಕೊಂಡಿದೆ, ಹುಡುಕಿ ಹಾಕುವ ಕೆಲಸವೂ ಇಲ್ಲ.

ಹಾಗೆಂದು ಇದು ಸಾಧು ಪ್ರಾಣಿಯೂ ಅಲ್ಲ. ಮೊದಲ ಪೋರ್ಟ್ ಲ್ಯಾನ್, ಎರಡನೆಯದು ವ್ಯಾನ್ ಎಂದು ಇದರ ಲೆಕ್ಕ. ಹೊಸ ಕಾರ್ಡ್ ಸಿಕ್ಕಿಸಿದ ಮೇಲೆ ಪೋರ್ಟ್‌ಗಳ ಸಂಖ್ಯೆ, ಅಂದರೆ ಸೊನ್ನೆ ಮತ್ತು ಒಂದು, ಅದಲುಬದಲಾಗಿ, ಲ್ಯಾನ್ ಎಂದುಕೊಂಡಿದ್ದು ಒಎನ್‌ಟಿ ಕಡೆ ಮುಖ ಮಾಡಬಹುದು. ಕಾರ್ಡ್ ಹಾಕಿದ ಕೂಡಲೇ ಎರಡರ ಮ್ಯಾಕ್ ವಿಳಾಸ (ಪ್ರತಿ ಪೋರ್ಟಿಗೂ ಇರುವ ಸ್ವಂತ ಗುರುತು) ಬರೆದಿಟ್ಟುಕೊಂಡು ತಾಳೆ ನೋಡಿ, ಆಮೇಲೆ ಕೇಬಲ್ ಹಾಕಿ. ಫ್ರೀಬಿಎಸ್‌ಡಿ ಪೋರ್ಟಿಗೆ ಡ್ರೈವರ್ ಹೆಸರನ್ನೇ ಇಡುವುದರಿಂದ ಎರಡು ಬೇರೆ ಕಂಪನಿಯ ಕಾರ್ಡ್‌ಗಳಿದ್ದರೆ ಅಲ್ಲಿ ಈ ಗೊಂದಲವಿಲ್ಲ. ಇನ್ನೊಂದು, ಓಪನ್‌ಡಬ್ಲ್ಯೂಆರ್‌ಟಿಯ ರೂಟ್ ಪಾರ್ಟಿಶನ್ (ಸಿಸ್ಟಮ್ ಕೂರುವ ಜಾಗ) ಬರುವುದೇ ನೂರು ಎಂಬಿ ಆಸುಪಾಸು. ಅದನ್ನು ಕೈಯಾರೆ ಹಿಗ್ಗಿಸಿದರೆ ಮುಂದಿನ ಅಪ್‌ಗ್ರೇಡ್ ಪಾರ್ಟಿಶನ್ ಟೇಬಲ್ಲನ್ನೇ ಮತ್ತೆ ಬರೆದುಬಿಡಬಹುದು. ಹಿಗ್ಗಿಸದೇ ಇರುವುದು ಲೇಸು, ರೌಟರ್‌ಗೆ ಅಷ್ಟು ಸಾಕು.

ಬಫರ್‌ಬ್ಲೋಟ್, ಅಂದರೆ ಲೈನ್ ತುಂಬಿದಾಗ ಪ್ಯಾಕೆಟ್‌ಗಳು ಸಾಲುಗಟ್ಟಿ ತಡವಾಗುವ ವಿಷಯದಲ್ಲಿ ಓಪನ್‌ಡಬ್ಲ್ಯೂಆರ್‌ಟಿ ಮುಂದೆ. ಎಸ್‌ಕ್ಯೂಎಂ ಪ್ಯಾಕೇಜ್ ಹಾಕಿ, ಪಿಪಿಪಿಒಇ ಇಂಟರ್‌ಫೇಸ್ ಆರಿಸಿ, ಕೇಕ್ (ಆ ಸಾಲನ್ನು ನಿಭಾಯಿಸುವ ವಿಧಾನ) ಇಟ್ಟು, 300ರ ಲೈನಿಗೆ 280 ಎಂಬಿಪಿಎಸ್ ಮಿತಿ, ಓವರ್‌ಹೆಡ್ (ಪ್ರತಿ ಪ್ಯಾಕೆಟ್ಟಿನ ಹೆಚ್ಚುವರಿ ಬೈಟ್) 44 ಎಂದು ಕೊಟ್ಟರೆ ಮುಗಿಯಿತು. ಒಬ್ಬರು ಅಪ್‌ಲೋಡ್‌ಗೆ ಕೂತರೂ ಇನ್ನೊಬ್ಬರ ಮೀಟಿಂಗ್ ತೊದಲುವುದಿಲ್ಲ. ಓಪಿಎನ್‌ಸೆನ್ಸ್‌ನಲ್ಲಿ ಕೇಕ್ ಇಲ್ಲ. ಅದೇ ಕೆಲಸದ ಎಫ್‌ಕ್ಯೂ-ಕೋಡೆಲ್ ಇದೆ, ಚೆನ್ನಾಗಿಯೂ ಕೆಲಸ ಮಾಡುತ್ತದೆ, ಆದರೆ ಪೈಪ್, ಕ್ಯೂ, ರೂಲ್ ಎಂದು ಮೂರು ಪುಟ ಸುತ್ತಬೇಕು.

ಪಿಪಿಪಿಒಇ ವೇಗ: ಫ್ರೀಬಿಎಸ್‌ಡಿಯಲ್ಲಿ ನೆಟ್‌ಗ್ರಾಫ್ ಎಂಬ ಒಳಭಾಗದ ಮೂಲಕ ಹೋಗುವ ಪಿಪಿಪಿಒಇ ಹೆಚ್ಚುಕಡಿಮೆ ಒಂದೇ ಕೋರ್ ಮೇಲೆ ಕೂರುತ್ತದೆ. 300ಕ್ಕೆ ಐ5 ಬೆವರುವುದಿಲ್ಲ. ದುರ್ಬಲ ಪ್ರೊಸೆಸರ್ ಇರುವ ಹಳೇ ಆಟಮ್ ಬೋರ್ಡಿಗೆ 1 ಜಿಬಿಪಿಎಸ್ ಲೈನ್ ಕೊಟ್ಟರೆ ವ್ಯತ್ಯಾಸ ಕಾಣುತ್ತದೆ.

ಡಿಸ್ಕ್: ಓಪನ್‌ಡಬ್ಲ್ಯೂಆರ್‌ಟಿ ಲಾಗ್‌ಗಳನ್ನು ರ‍್ಯಾಮ್‌ನಲ್ಲೇ ಇಟ್ಟುಕೊಳ್ಳುತ್ತದೆ, ಪೆನ್‌ಡ್ರೈವ್‌ನಿಂದಲೂ ನಡೆಯುತ್ತದೆ. ಓಪಿಎನ್‌ಸೆನ್ಸ್ ಬರೆಯುತ್ತಲೇ ಇರುತ್ತದೆ, ಎಸ್‌ಎಸ್‌ಡಿ ಬೇಕೇ ಬೇಕು.

ಫೈರ್‌ವಾಲ್ ಪುಟ, ಯಾರು ಎಷ್ಟು ಬಳಸಿದರು ಎಂಬ ಗ್ರಾಫ್, ಮನೆಯ ಕ್ಯಾಮೆರಾಗಳಿಗೆ ಬೇರೆ ವಿಲ್ಯಾನ್ (ಪ್ರತ್ಯೇಕಿಸಿದ ಒಳ ನೆಟ್‌ವರ್ಕ್), ಇಂಥದ್ದರಲ್ಲಿ ಓಪಿಎನ್‌ಸೆನ್ಸ್ ಸ್ಪಷ್ಟವಾಗಿ ಚೆಂದ. ಇವೆರಡನ್ನೂ ಬಿಟ್ಟು ಬರೀ ಡೆಬಿಯನ್ ಲಿನಕ್ಸ್ ಹಾಕಿ ಎನ್‌ಎಫ್‌ಟೇಬಲ್ಸ್ ಫೈರ್‌ವಾಲ್ ನಿಯಮಗಳನ್ನು ತಾವೇ ಬರೆಯುವವರೂ ಇದ್ದಾರೆ. ಅವರು ಎಂಎಸ್‌ಎಸ್ ಕ್ಲ್ಯಾಂಪಿಂಗ್ (ಪ್ಯಾಕೆಟ್ ಗಾತ್ರವನ್ನು ಲೈನಿಗೆ ಹೊಂದುವಂತೆ ಇಳಿಸುವ) ಸಾಲು ಮರೆತರೆ ಕೆಲವು ಸೈಟ್ ತೆರೆದು ಕೆಲವು ಸುಮ್ಮನೆ ನೇತಾಡುತ್ತವೆ, ಯಾಕೆಂದರೆ ಪಿಪಿಪಿಒಇ 8 ಬೈಟ್ ನುಂಗಿ ಎಂಟಿಯು (ಪ್ಯಾಕೆಟ್ಟಿನ ಗರಿಷ್ಠ ಗಾತ್ರ) 1492ಕ್ಕೆ ಇಳಿದಿರುತ್ತದೆ. ಓಪನ್‌ಡಬ್ಲ್ಯೂಆರ್‌ಟಿಯಲ್ಲಿ ವ್ಯಾನ್ ಝೋನ್‌ಗೆ ಆ ಟಿಕ್ ಮೊದಲೇ ಬಿದ್ದಿರುತ್ತದೆ.

ಬೆಂಗಳೂರಿನ ಎಸ್‌ಪಿ ರೋಡ್‌ನಂಥ ಕಡೆ ಸೆಕೆಂಡ್ ಹ್ಯಾಂಡ್ ಇಂಟೆಲ್ ಐ350 ಕಾರ್ಡ್ ಸಿಕ್ಕರೆ, ವಾರಕ್ಕೊಮ್ಮೆ ಗ್ರಾಫ್ ನೋಡುವ ಚಟವಿದ್ದರೆ, ಓಪಿಎನ್‌ಸೆನ್ಸನ್ನೇ ಹಾಕಿ. ಸಣ್ಣ ಕ್ಯಾಬಿನೆಟ್ಟಿಗೆ ಗಿಡ್ಡ ಬ್ರಾಕೆಟ್ ಕೇಳಿ ತನ್ನಿ. ಅದು ಉದ್ದದ ಎಕ್ಸ್4 ಕಾರ್ಡ್, ಬಾಯಿ ಮುಚ್ಚಿದ ಗಿಡ್ಡ ಎಕ್ಸ್1 ಸ್ಲಾಟ್‌ಗೆ ಹೋಗುವುದಿಲ್ಲ, ಗ್ರಾಫಿಕ್ಸ್ ಸ್ಲಾಟ್ ಖಾಲಿ ಇರಬೇಕು. ಕಾರ್ಡಿಗೆ ಒಂದು ರೂಪಾಯಿಯೂ ಹಾಕುವುದಿಲ್ಲ, ಒಮ್ಮೆ ಇಟ್ಟರೆ ತಿರುಗಿಯೂ ನೋಡುವುದಿಲ್ಲ ಎನ್ನುವ ನನ್ನಂಥವರಿಗೆ ಓಪನ್‌ಡಬ್ಲ್ಯೂಆರ್‌ಟಿ.

ಎರಡರಲ್ಲಿ ಯಾವುದಾದರೂ ಸರಿ, ಮೊದಲು ಲ್ಯಾನ್ ವಿಳಾಸವನ್ನು 192.168.1.1ರಿಂದ 192.168.10.1ಕ್ಕೆ ಬದಲಿಸಿ, ಎಷ್ಟೋ ಒಎನ್‌ಟಿಗಳದ್ದೂ ಅದೇ ವಿಳಾಸ. ವೈಫೈಗೆ ಹಳೇ ವೈಫೈ ರೌಟರನ್ನೇ ಬಳಸುವುದಾದರೆ ಅದರ ಡಿಎಚ್‌ಸಿಪಿ (ವಿಳಾಸ ಹಂಚುವ ಕೆಲಸ) ಆಫ್ ಮಾಡಿ, ಪೆಟ್ಟಿಗೆಯಿಂದ ಬರುವ ಕೇಬಲ್ಲನ್ನು ಅದರ ಲ್ಯಾನ್ ಪೋರ್ಟಿಗೇ ಹಾಕಿ. 25 ವ್ಯಾಟ್ ಎಳೆಯುವ ಪೆಟ್ಟಿಗೆ ತಿಂಗಳಿಗೆ 18 ಯೂನಿಟ್ ತಿನ್ನುತ್ತದೆ, ಅದು ಗೊತ್ತಿರಲಿ. ಬಯೋಸ್‌ನಲ್ಲಿ ಕರೆಂಟ್ ಬಂದ ಕೂಡಲೇ ಆನ್ ಆಗುವಂತೆ ಇಡಿ, ಕೀಬೋರ್ಡ್ ಇಲ್ಲವೆಂದು ನಿಲ್ಲದಂತೆಯೂ ಇಡಿ. ಜೊತೆಗೆ ಬೋರ್ಡ್ ಮೇಲಿನ ಸಿಆರ್2032 ನಾಣ್ಯ ಬ್ಯಾಟರಿ ಹೊಸದು ಹಾಕಿ. ಅದು ಸತ್ತಿದ್ದರೆ ಕರೆಂಟ್ ಹೋದಾಗ ಈ ಸೆಟ್ಟಿಂಗ್‌ಗಳೆಲ್ಲ ಅಳಿಸಿಹೋಗಿ, ಬಂದಾಗ ಪೆಟ್ಟಿಗೆ ಏಳುವುದೇ ಇಲ್ಲ.