ಊರ ಮಕ್ಕಳಿಗೆ ಇಂಗ್ಲಿಷ್: ಭಾನುವಾರದ ಪಾಠವೋ, ಓದುವ ಗುಂಪೋ, ವಾಟ್ಸಾಪ್ ದನಿಯೋ?

ಸರ್ಕಾರಿ ಶಾಲೆಯ ಮಕ್ಕಳಿಗೆ ಇಂಗ್ಲಿಷ್ ಕಲಿಸಲು ಊರಿನ ಕಾಲೇಜು ಹುಡುಗ ಹುಡುಗಿಯರು ಹೊರಟಾಗ ಹಿಡಿಯುವ ದಾರಿಗಳು ಮುಖ್ಯವಾಗಿ ಮೂರು. ಐದರಿಂದ ಎಂಟನೇ ತರಗತಿಯವರ ಜೊತೆ ಮೂರನ್ನೂ ನಡೆಸಿ ನೋಡಿದ ಮೇಲೆ ನಮ್ಮ ಮತ ಓದುವ ಗುಂಪಿಗೆ.

ಭಾನುವಾರದ ಗ್ರಾಮರ್ ಪಾಠ ಶುರು ಮಾಡುವುದು ಸುಲಭ. ಒಂದು ಕೋಣೆ, ಬೋರ್ಡು, ಚಾಕ್‌ಪೀಸು, ಒಬ್ಬ ಸ್ವಯಂಸೇವಕ ಇದ್ದರೆ 40 ಮಕ್ಕಳನ್ನು ಕೂರಿಸಬಹುದು. ಎಡವುವುದೂ ಅಲ್ಲೇ: ಒಂದು ಗಂಟೆಯಲ್ಲಿ ಒಂದು ಮಗುವಿಗೆ ಒಂದು ನಿಮಿಷವೂ ಬಾಯಿ ಬಿಡಲು ಸಿಗದು. ಟೆನ್ಸ್ ಪಟ್ಟಿಯನ್ನು ಗಟಗಟನೆ ಒಪ್ಪಿಸುವ ಮಗುವೇ ‘ಐ ಸ್ಕೂಲ್ ಗೋ’ ಎನ್ನುತ್ತದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದಲ್ಲ, ಬಾಯಿ ಆ ಜಾಡಿನಲ್ಲೇ ಓಡುತ್ತದೆ. ಜಾಡು ಬದಲಾಗಲು ನಿಯಮ ಸಾಲದು, ಸರಿಯಾದ ವಾಕ್ಯವನ್ನು ಹತ್ತಾರು ಸಲ ಆಡಬೇಕು. ಎಸ್‌ಎಸ್‌ಎಲ್‌ಸಿಯ 80 ಅಂಕದ ಲಿಖಿತ ಪರೀಕ್ಷೆ ಎದುರಿಗಿದ್ದವರಿಗೆ ಮಾತ್ರ ಈ ಪಾಠ ಉಪಯೋಗಕ್ಕೆ ಬರುತ್ತದೆ.

ಓದುವ ಗುಂಪಿಗೆ 6ರಿಂದ 8 ಮಕ್ಕಳು ಸಾಕು. ವಾರಕ್ಕೆ ಎರಡು ದಿನ, 45 ನಿಮಿಷ, ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ. ಮಕ್ಕಳ ಪುಸ್ತಕ ಪ್ರಕಟಿಸುವ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ತಾಣದಲ್ಲಿ ಎಷ್ಟೋ ಕಥೆಗಳು ಕನ್ನಡ, ಇಂಗ್ಲಿಷ್ ಎರಡರಲ್ಲೂ ಉಚಿತವಾಗಿ ಸಿಗುತ್ತವೆ, ನಾಲ್ಕು ಹಂತಗಳಲ್ಲಿ. ತರಗತಿ ನೋಡಿ ಹಂತ ಆರಿಸಬೇಡಿ. ಓದಿಸಿ ನೋಡಿ, ಸಾಲಿಗೊಂದು ಪದದಲ್ಲಿ ಮಗು ತಡವರಿಸಿದರೆ ಒಂದು ಹಂತ ಕೆಳಗಿನದು ಕೊಡಿ. ಏಳನೇ ತರಗತಿಯವರಿಗೂ ಮೊದಲ ಹಂತ ಬೇಕಾಗುವುದುಂಟು. ಅದನ್ನು ಎಲ್ಲರೆದುರು ಹೇಳಲೇಬಾರದು, ಮಗು ಮರುವಾರ ಬರುವುದಿಲ್ಲ.

ಮೊದಲು ಕಥೆ ಕನ್ನಡದಲ್ಲಿ. ಆಮೇಲೆ ಸ್ವಯಂಸೇವಕ ಸಾಲಿನ ಮೇಲೆ ಬೆರಳಾಡಿಸುತ್ತಾ ಇಂಗ್ಲಿಷ್‌ನಲ್ಲಿ ಓದಬೇಕು. ಮೂರನೇ ಸಲ ಎಲ್ಲರೂ ಒಟ್ಟಿಗೆ, ನಂತರ ಇಬ್ಬಿಬ್ಬರಾಗಿ. ಕಡೆಯ ಹತ್ತು ನಿಮಿಷ ಚಿತ್ರ ತೋರಿಸಿ ‘ವಾಟ್ ಈಸ್ ಶಿ ಡೂಯಿಂಗ್?’ ಎಂದು ಕೇಳಿ, ಪೂರ್ತಿ ವಾಕ್ಯದಲ್ಲೇ ಉತ್ತರ ಹೇಳಿಸಿ. ಪದದ ಮೇಲೆ ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಲು ಬಿಡಬೇಡಿ, ಬಿಟ್ಟರೆ ಕಣ್ಣು ಕೆಳಗಿನ ಇಂಗ್ಲಿಷ್ ಅಕ್ಷರಕ್ಕೆ ಇಳಿಯುವುದೇ ಇಲ್ಲ. ‘ಬಸ್ಸು’, ‘ಬುಕ್ಕು’ ಎಂದು ಕೊನೆಗೆ ಉಕಾರ ಅಂಟಿಸುವ ರೂಢಿಗೆ ಚಪ್ಪಾಳೆ ಒಳ್ಳೆಯ ಮದ್ದು: ‘ಬಸ್ಸು’ ಎರಡು ಚಪ್ಪಾಳೆ, ‘ಬಸ್’ ಒಂದೇ. ವ್ಯತ್ಯಾಸ ತಕ್ಷಣ ಕಿವಿಗೆ ಸಿಗುತ್ತದೆ.

ಇದರ ದೊಡ್ಡ ಕೊರತೆ ಸ್ವಯಂಸೇವಕರದ್ದು. ಸೆಮಿಸ್ಟರ್ ಪರೀಕ್ಷೆ ಬಂದರೆ ಅವರು ಕಾಣುವುದಿಲ್ಲ, ಎರಡು ವಾರ ತಪ್ಪಿದರೆ ಗುಂಪು ಚದುರುತ್ತದೆ. ಗುಂಪಿಗೆ ಇಬ್ಬರನ್ನಿಡಿ, ಇಬ್ಬರ ಪರೀಕ್ಷೆಯೂ ಒಂದೇ ಸಮಯಕ್ಕೆ ಬಾರದಂತೆ ಜೋಡಿಸಿ.

ವಾಟ್ಸಾಪ್ ದನಿ ಸಂದೇಶ ನಾಚಿಕೆಯ ಮಕ್ಕಳಿಗೆ ವರ. ತಪ್ಪಿದರೆ ಅಳಿಸಿ ಮತ್ತೆ ಹೇಳಬಹುದು. ಆದರೆ ಮನೆಗಿರುವುದು ಒಂದೇ ಫೋನು, ಅದು ಅಪ್ಪನ ಜೊತೆ ಮನೆಗೆ ಬರುವುದು ರಾತ್ರಿ. ಗ್ರೂಪ್ ಮಾಡಿದರೆ ಎಲ್ಲರ ನಂಬರೂ ಎಲ್ಲರಿಗೂ ಕಾಣುತ್ತದೆ, ಹೆಣ್ಣುಮಕ್ಕಳ ಮನೆಯವರು ಒಪ್ಪದಿರುವುದು ಸರಿಯೇ. ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿ, ಒಂದೇ ಸಂದೇಶ ಎಲ್ಲರಿಗೂ ಬೇರೆಬೇರೆಯಾಗಿ ಹೋಗುತ್ತದೆ, ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣದು; ಮನೆಯವರು ನಿಮ್ಮ ನಂಬರ್ ಸೇವ್ ಮಾಡಿಕೊಂಡಿದ್ದರಷ್ಟೇ ಸಂದೇಶ ತಲುಪುತ್ತದೆ, ಮೊದಲೇ ಹೇಳಿಡಿ. ಇದೊಂದನ್ನೇ ನೆಚ್ಚಿಕೊಳ್ಳದೆ, ಗುಂಪಿನಲ್ಲಿ ಓದಿದ ಅದೇ ಪುಟವನ್ನು 30 ಸೆಕೆಂಡಿನ ದನಿಯಾಗಿ ಕಳಿಸಿ, ಮಗುವಿನಿಂದ ಅಷ್ಟೇ ಉದ್ದದ ಓದು ವಾಪಸ್ ಕೇಳಿ.