ದುಬೈನಲ್ಲಿ ಎರಡು ರಾತ್ರಿ: ಮಲೆನಾಡಿನ ಜೋಡಿಗೆ ದುಡ್ಡು ಎಲ್ಲಿ ದಕ್ಕುತ್ತದೆ, ಎಲ್ಲಿ ಸೋರುತ್ತದೆ

ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟ ಅಪ್ಪ-ಅಮ್ಮನಿರಲಿ, ಮದುವೆ ಮುಗಿಸಿ ಯುರೋಪಿಗೆ ಹೊರಟ ಹೊಸ ಜೋಡಿಯಿರಲಿ, ಟಿಕೆಟ್ ಮಾಡಿಸುವಾಗ ಟ್ರಾವೆಲ್ಸ್‌ನವರು ಹೇಳುವ ಮಾತು ಒಂದೇ: "ಹೇಗೂ ದುಬೈ ಮೇಲೆ ಹೋಗ್ತೀರಲ್ಲ, ಎರಡು ದಿನ ಇಳಿದು ನೋಡ್ಕಂಡು ಹೋಗಿ." ಇಳಿಯಬಹುದು, ಧಾರಾಳವಾಗಿ. ಒಂದು ರಾತ್ರಿ ಸಾಲದು, ಮೂರನೆಯ ದಿನ ಮಾಲ್ ಸುತ್ತುವುದರಲ್ಲೇ ಕಳೆಯುತ್ತದೆ. ಎರಡು ರಾತ್ರಿ ಹದ. ಆದರೆ ಅವರು ಕೊಡುವ ರೆಡಿಮೇಡ್ ಪ್ಯಾಕೇಜ್ ಮಾತ್ರ ಬೇಡ.

ಕಾರಣ ಬಿಸಿಲು. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿ.ಮೀ. ದಾಟಿ ಮಳೆ ಸುರಿದರೆ ದುಬೈನಲ್ಲಿ ನೂರರ ಆಸುಪಾಸು. ನಾವು ಮೋಡ ನೋಡಿ ಮನೆ ಬಿಡುವ ಹಾಗೆ ಅಲ್ಲಿ ಗಡಿಯಾರ ನೋಡಿ ಹೋಟೆಲ್ ಬಿಡಬೇಕು. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3 ಗಂಟೆವರೆಗೆ ಬಯಲಿನಲ್ಲಿ ಕೂಲಿ ಕೆಲಸ ಮಾಡಿಸಬಾರದು ಎಂದು ಅಲ್ಲಿನ ಸರ್ಕಾರವೇ ಕಟ್ಟಳೆ ಮಾಡಿದೆ. ಗಾರೆಯವರನ್ನೇ ನೆರಳಿಗೆ ಕಳಿಸುವ ಆ ಹೊತ್ತಿಗೆ ಸರಿಯಾಗಿ ಪ್ಯಾಕೇಜ್ ಬಸ್ಸು ಅರವತ್ತು ದಾಟಿದವರನ್ನು ಸಮುದ್ರದ ದಂಡೆಯಲ್ಲಿ ಫೋಟೋಗೆ ಇಳಿಸುತ್ತದೆ. ಏಕೆಂದರೆ ಬಸ್ಸಿಗೆ ಬೆಳಗ್ಗೆ ಒಂಬತ್ತೂವರೆಗೆ ಮೊದಲು ಹೊರಡುವ ಅಭ್ಯಾಸವಿಲ್ಲ. ನವೆಂಬರ್‌ನಿಂದ ಮಾರ್ಚ್‌ವರೆಗೆ ಹೋಗುವವರಿಗೆ ಈ ಕಷ್ಟವಿಲ್ಲ. ಆದರೆ ಆಗ ರೂಮಿನ ದರ ಏರಿರುತ್ತದೆ.

ಮೊದಲು ವೀಸಾ. ಪಾಸ್‌ಪೋರ್ಟಿನಲ್ಲಿ ಅಮೆರಿಕದ ವೀಸಾ ಇದ್ದು, ಅದಕ್ಕೆ ಇನ್ನೂ ಕನಿಷ್ಠ ಆರು ತಿಂಗಳ ಅವಧಿ ಉಳಿದಿದ್ದರೆ ದುಬೈನಲ್ಲಿ ಇಳಿದ ಮೇಲೆಯೇ 14 ದಿನದ ವೀಸಾ ಸಿಗುತ್ತದೆ. ಇಂಥವರಿಗೂ ಪೂರ್ತಿ ಪ್ರವಾಸಿ ವೀಸಾ ಮಾಡಿಸಿ ಸಾವಿರಗಟ್ಟಲೆ ತೆಗೆದುಕೊಳ್ಳುವ ಏಜೆಂಟರಿದ್ದಾರೆ. ಟಿಕೆಟ್ ಮಾಡಿಸುವ ಮೊದಲೇ ಕೇಳಿ. ಆ ಅನುಕೂಲ ಇಲ್ಲದವರಿಗೆ ಅಲ್ಲಿನ ವಿಮಾನ ಕಂಪನಿಯ ಮೂಲಕ ಟ್ರಾನ್ಸಿಟ್ ವೀಸಾ ಇದೆ. 48 ಗಂಟೆಯದಕ್ಕೆ ಸರ್ಕಾರಿ ಶುಲ್ಕವಿಲ್ಲ, 96 ಗಂಟೆಯದಕ್ಕೆ 50 ದಿರ್ಹಮ್ (ಅಲ್ಲಿನ ನಾಣ್ಯ). ಅರ್ಜಿ ಹಾಕಿಸುವ ಸೇವಾ ಶುಲ್ಕ ಇದರ ಮೇಲೆ. ಎರಡು ರಾತ್ರಿಗೆ 96 ಗಂಟೆಯದೇ ಕ್ಷೇಮ. 48 ಗಂಟೆಯದು ವಿಮಾನ ತಡವಾದರೆ ಉಸಿರು ಕಟ್ಟಿಸುತ್ತದೆ, ಅವಧಿ ವಿಸ್ತರಣೆಯೂ ಇಲ್ಲ.

ಇನ್ನು ಪೆಟ್ಟಿಗೆ. ನಮ್ಮ ಕಡೆಯವರು ಎಡವುವುದು ಇಲ್ಲೇ. ಬಾಣಂತಿಗೆಂದು ಕಟ್ಟಿದ ಗಂಟಿನಲ್ಲಿ ಗಸಗಸೆ ಇದ್ದೇ ಇರುತ್ತದೆ, ಯಜಮಾನರ ಜೇಬಿನಲ್ಲಿ ಎಲೆ-ಅಡಿಕೆ ಚೀಲ. ಯುಎಇಯಲ್ಲಿ ಗಸಗಸೆ ಅಫೀಮಿನ ಗಿಡದ ಬೀಜ ಎಂಬ ಲೆಕ್ಕದಲ್ಲಿ ನಿಷಿದ್ಧ. ವೀಳ್ಯದೆಲೆ ಮತ್ತು ಪಾನ್ ಸಾಮಗ್ರಿ ದುಬೈ ಕಸ್ಟಮ್ಸ್‌ನ ನಿಷೇಧ ಪಟ್ಟಿಯಲ್ಲೇ ಇವೆ. ಕೊಡೈನ್ ಇರುವ ಕೆಮ್ಮಿನ ಸಿರಪ್, ಟ್ರಾಮಡಾಲ್ ಮಾತ್ರೆಗೂ ಅಲ್ಲಿ ಕಟ್ಟುನಿಟ್ಟಿನ ನಿಯಂತ್ರಣವಿದೆ. ಉಳಿದ ಬಿಪಿ, ಶುಗರ್ ಮಾತ್ರೆಗಳನ್ನು ಡಾಕ್ಟರ ಚೀಟಿಯ ಸಮೇತ, ಮಾತ್ರೆಯ ಮೂಲ ಹಾಳೆಯಲ್ಲೇ ಒಯ್ಯಿರಿ, ಡಬ್ಬಿಗೆ ಬಿಡಿಸಿ ಹಾಕಬೇಡಿ. ನಿಲುಗಡೆ 24 ಗಂಟೆ ದಾಟಿದರೆ ಸಾಮಾನ್ಯವಾಗಿ ದೊಡ್ಡ ಪೆಟ್ಟಿಗೆಯೂ ದುಬೈನಲ್ಲೇ ಕೈಗೆ ಬರುತ್ತದೆ, ಕಸ್ಟಮ್ಸ್ ದಾಟಿಸಬೇಕಾಗುತ್ತದೆ. "ಅದು ಸೀದಾ ಅಮೆರಿಕಕ್ಕೆ ಹೋಗ್ತದೆ ಬಿಡಿ" ಎಂಬ ಮಾತು ನಂಬಿ ಗಸಗಸೆ ತುಂಬಬೇಡಿ. ಬೆಂಗಳೂರಿನ ಚೆಕ್-ಇನ್ ಕೌಂಟರಿನಲ್ಲಿ ಟ್ಯಾಗಿನ ಮೇಲೆ ಯಾವ ಊರಿನ ಹೆಸರಿದೆ ನೋಡಿಕೊಳ್ಳಿ.

ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣದಿಂದ ಬೆಂಗಳೂರಿಗೆ ವಿಮಾನ ಹಿಡಿಯುವವರಿಗೆ ಒಂದು ಮಾತು. ಆ ಟಿಕೆಟ್ಟು ಬೇರೆ, ದುಬೈ ಟಿಕೆಟ್ಟು ಬೇರೆ ಆಗಿದ್ದರೆ ಮಂಜಿನಿಂದ ಮೊದಲನೆಯದು ತಡವಾದಾಗ ಎರಡನೆಯದಕ್ಕೆ ಯಾರೂ ಹೊಣೆಯಲ್ಲ. ಹಿಂದಿನ ದಿನವೇ ಬೆಂಗಳೂರು ಸೇರುವುದು ಲೇಸು. ತೀರ್ಥಹಳ್ಳಿ, ಕೊಪ್ಪ, ಶೃಂಗೇರಿಯವರಿಗೆ ಮಂಗಳೂರಿನಿಂದ ನೇರ ದುಬೈ ವಿಮಾನ ಹತ್ತಿರ. ಮಳೆಗಾಲದಲ್ಲಿ ಘಾಟಿಯ ಸ್ಥಿತಿ ವಿಚಾರಿಸಿಕೊಂಡು ಹೊರಡಿ. ದುಬೈನ ಟರ್ಮಿನಲ್ 2ರಲ್ಲಿ ಇಳಿಸುವ ವಿಮಾನವಾದರೆ ಮೆಟ್ರೋ ಇಲ್ಲ, ಟ್ಯಾಕ್ಸಿಯೇ ಗತಿ. ಏರ್‌ಪೋರ್ಟ್ ಟ್ಯಾಕ್ಸಿಯ ಮೀಟರ್ ಶುರುವಾಗುವುದೇ 25 ದಿರ್ಹಮ್‌ನಿಂದ. ಟರ್ಮಿನಲ್ 1 ಮತ್ತು 3ಕ್ಕೆ ಮೆಟ್ರೋ ಬಾಗಿಲಿಗೇ ಬರುತ್ತದೆ.

ರೂಮು ಎಲ್ಲಿ ಮಾಡಬೇಕು? ಬರ್ ದುಬೈ ಅಥವಾ ಕರಾಮಾ, ಮೆಟ್ರೋ ನಿಲ್ದಾಣಕ್ಕೆ ಐದು ನಿಮಿಷದ ನಡಿಗೆಯಲ್ಲಿ. ಸಸ್ಯಾಹಾರಿಗಳಿಗೆ ಇಡ್ಲಿ, ದೋಸೆ, ಅನ್ನ-ಸಾರು ಕಾಲಳತೆಯಲ್ಲಿ ಸಿಗುವುದು ಈ ಎರಡು ಕಡೆ, ಅದರಲ್ಲೂ ಮೀನಾ ಬಜಾರ್ ಸುತ್ತ. ಮರೀನಾ ಕಡೆಯ ಹೋಟೆಲಿನ ಕಿಟಕಿಯ ನೋಟ ಚೆಂದವೇ, ಆದರೆ ಹಳೆಯ ಊರಿಗೆ ಹೋಗಿ ಬರುವುದರಲ್ಲೇ ಅರ್ಧ ದಿನ ಕರಗುತ್ತದೆ. ಬುಕಿಂಗ್‌ನಲ್ಲಿ ಕಂಡ ದರಕ್ಕೆ ಟೂರಿಸಂ ದಿರ್ಹಮ್ ಎಂಬ ತೆರಿಗೆ ಬಹುಪಾಲು ಸೇರಿರುವುದಿಲ್ಲ. ನಾಲ್ಕು ಸ್ಟಾರಿಗೆ ರೂಮಿಗೆ ರಾತ್ರಿಗೆ 15, ಐದು ಸ್ಟಾರಿಗೆ 20 ದಿರ್ಹಮ್ ಕೌಂಟರಿನಲ್ಲಿ ಕಟ್ಟಬೇಕು. ಕಾರ್ಡಿನಲ್ಲಿ ಡಿಪಾಸಿಟ್ ಹಿಡಿದಿಡುತ್ತಾರೆ, ಅದು ವಾಪಸಾಗಲು ಕೆಲವು ದಿನ ಬೇಕು. ಬೇಸಿಗೆಯಲ್ಲಿ ಅಗ್ಗದ ಹೋಟೆಲಿನಲ್ಲಿ ಇಳಿದವರು ತಣ್ಣೀರಿನ ನಲ್ಲಿ ತಿರುಗಿಸಿ ಕೈ ಸುಟ್ಟುಕೊಳ್ಳುವುದುಂಟು. ಮಾಳಿಗೆಯ ಟ್ಯಾಂಕು ಹಗಲೆಲ್ಲ ಕಾದಿರುತ್ತದೆ. ಅಲ್ಲಿ ನೆಲೆಸಿದವರು ಗೀಸರ್ ಆಫ್ ಮಾಡಿ, ಮನೆಯೊಳಗೆ ತಣ್ಣಗಿರುವ ಅದರ ನೀರನ್ನೇ ತಣ್ಣೀರಾಗಿ ಬಳಸುತ್ತಾರೆ!

ಈಗ ನೋಡುವ ಜಾಗಗಳಿಗೆ ಬರೋಣ. ಈ ಊರಿನಲ್ಲಿ ಕೊಟ್ಟ ದುಡ್ಡಿಗೆ ಅತಿ ಹೆಚ್ಚು ದಕ್ಕುವುದು ಒಂದು ದಿರ್ಹಮ್‌ನ ದೋಣಿ. ಹೆಸರು ಅಬ್ರಾ. ಮರದ ದೋಣಿ, ನಡುವೆ ಬೆನ್ನಿಗೆ ಬೆನ್ನು ಕೊಟ್ಟು ಕೂರುವ ಹಲಗೆ, ಮೇಲೊಂದು ಚಪ್ಪರ. ಬರ್ ದುಬೈ ದಡದಿಂದ ದೇರಾ ದಡಕ್ಕೆ ಖಾರಿ ದಾಟಿಸುತ್ತದೆ. ಸಿಗಂದೂರು ಲಾಂಚ್ ಹತ್ತಿದವರಿಗೆ ಹೊಸದೇನಿಲ್ಲ ಅನ್ನಿಸಬಹುದು, ಆದರೆ ಇಲ್ಲಿ ದೋಣಿ ತುಂಬಿತೆಂದರೆ ಹೊರಟಿತು, ಕಾಯುವುದೇ ಇಲ್ಲ. ಚಿಲ್ಲರೆ ನಾಣ್ಯ ಕೈಯಲ್ಲಿರಲಿ. "ಇಡೀ ದೋಣಿ ಬಾಡಿಗೆಗೆ" ಎಂದು ದಡದಲ್ಲಿ ಕರೆಯುವವರನ್ನು ದಾಟಿ, ಸ್ಥಳೀಯರು ನಿಂತ ಕಟ್ಟೆಗೆ ಹೋಗಿ.

ಬೆಳಗ್ಗೆ ಏಳಕ್ಕೆ ಹೊರಡಿ. ಬರ್‌ಜುಮಾನ್ ನಿಲ್ದಾಣದಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿದರೆ ಒಂದೇ ಸ್ಟಾಪು ಷರಾಫ್ ಡಿಜಿ. ಅಲ್ಲಿಂದ ಅಲ್ ಫಹೀದಿಯ ಹಳೆ ಕೇರಿಗೆ ನಡೆದೇ ಹೋಗಬಹುದು. ಇರಾನಿನ ಬಸ್ತಕ್ ಕಡೆಯಿಂದ ಬಂದ ವ್ಯಾಪಾರಿಗಳು ಹವಳದ ಕಲ್ಲು, ಜಿಪ್ಸಮ್ ಸೇರಿಸಿ ಕಟ್ಟಿದ ಮನೆಗಳು. ಒಂದೊಂದರ ಮೇಲೂ ನಾಲ್ಕು ಮುಖ ತೆರೆದ ಚೌಕ ಗೋಪುರ. ಅದು ಅಲಂಕಾರಕ್ಕಲ್ಲ, ಎತ್ತರದ ಗಾಳಿಯನ್ನು ಹಿಡಿದು ಕೆಳಗಿನ ಕೋಣೆಗೆ ಇಳಿಸುವ ಕೊಳವೆ. ತೊಟ್ಟಿಮನೆಯ ಅಂಗಳ ನೋಡಿ ಬೆಳೆದವರಿಗೆ ಇದರ ಜಾಣ್ಮೆ ಬೇಗ ಹಿಡಿಸುತ್ತದೆ. ಕೆಳಗೆ ನಿಂತು ಮೇಲೆ ನೋಡಿ, ಗಾಳಿಯಿದ್ದ ದಿನ ಮುಖಕ್ಕೇ ಬೀಸುತ್ತದೆ. ಭಾನುವಾರವಾದರೆ ಮೆಟ್ರೋ ಎಂಟಕ್ಕೆ ಶುರು. ಶುಕ್ರವಾರ ಬೆಳಗ್ಗೆ ಆಚೆ ದಡದ ಸೂಕ್‌ನಲ್ಲಿ, ಅಂದರೆ ಹಳೆ ಪೇಟೆಯಲ್ಲಿ, ಬಹಳಷ್ಟು ಅಂಗಡಿ ತೆರೆಯುವುದಿಲ್ಲ.

ಆಚೆ ದಡದಲ್ಲಿ ಸಂಬಾರ ಸೂಕ್. ಇಲ್ಲಿ ಮಲೆನಾಡಿನವರಿಗೆ ಒಂದೇ ಬುದ್ಧಿಮಾತು: ಏಲಕ್ಕಿ, ಕಾಳುಮೆಣಸು ಕೊಳ್ಳಬೇಡಿ. ಜಗತ್ತಿನಲ್ಲಿ ಅತಿ ಹೆಚ್ಚು ಏಲಕ್ಕಿ ಬೆಳೆಯುವುದು ಗ್ವಾಟೆಮಾಲಾ, ಮೆಣಸು ವಿಯೆಟ್ನಾಂ. ಗೋಣಿಯಲ್ಲಿ ತೆರೆದಿಟ್ಟ ರಾಶಿ ಆ ಸೆಖೆಯಲ್ಲಿ ಪರಿಮಳದ ಎಣ್ಣೆ ಕಳೆದುಕೊಂಡಿರುತ್ತದೆ. ಮನೆಯ ಡಬ್ಬಿಯಲ್ಲಿರುವುದು ಅದಕ್ಕಿಂತ ಮೇಲು. ಕೊಳ್ಳಬೇಕಾದ್ದು ನಮ್ಮಲ್ಲಿ ಸಿಗದ್ದನ್ನು. ಲೂಮಿ ಎಂಬ ಒಣ ನಿಂಬೆ ಕೈಗೆತ್ತಿಕೊಳ್ಳಿ: ಕಂದು ಅಥವಾ ಕಪ್ಪು ಬಣ್ಣ, ಒಣಗಿದ ಅಡಿಕೆ ಗೋಟಿಗಿಂತ ಹಗುರ, ಅಲ್ಲಾಡಿಸಿದರೆ ಒಳಗೆ ಗಲಗಲ. ಒಡೆದು ಸಾರಿಗೆ ಹಾಕಿದರೆ ಹುಳಿಯ ಜೊತೆ ಸಣ್ಣ ಹೊಗೆವಾಸನೆ. ಲೋಬಾನ ಕೊಳ್ಳುವುದಾದರೆ ಒಮಾನಿನದು ಕೇಳಿ. ಕೇಸರಿಯ ಒಂದೆಸಳನ್ನು ಬೆಚ್ಚಗಿನ ನೀರಿಗೆ ಬಿಡಿ. ನೀರು ನಿಧಾನ ಹಳದಿಯಾಗಿ ಎಸಳು ಕೆಂಪಾಗೇ ಉಳಿದರೆ ಸರಿ, ಬಿಟ್ಟ ಕ್ಷಣ ಕೆಂಪು ಬಣ್ಣ ಹರಿದರೆ ಅಂಗಡಿ ಬದಲಿಸಿ. ಮೊದಲು ಹೇಳಿದ ರೇಟಿನ ಅರ್ಧದಿಂದ ಚೌಕಾಸಿ ಶುರು ಮಾಡಿದರೆ ಯಾರೂ ಬೇಸರಿಸುವುದಿಲ್ಲ.

ಪಕ್ಕದ ಚಿನ್ನದ ಸೂಕ್ ನೋಡಲು ಬಿಟ್ಟಿ, ಕೊಳ್ಳಲು ಲೆಕ್ಕ ಬೇಕು. ದಿನದ ರೇಟು ಎಲ್ಲ ಅಂಗಡಿಯಲ್ಲೂ ಒಂದೇ, ಚೌಕಾಸಿ ನಡೆಯುವುದು ಮಜೂರಿಯ ಮೇಲೆ ಮಾತ್ರ. ಸುಂಕವಿಲ್ಲದೆ ಒಡವೆ ತರುವ ಸವಲತ್ತು ಒಂದು ವರ್ಷಕ್ಕಿಂತ ಹೆಚ್ಚು ಹೊರದೇಶದಲ್ಲಿ ನೆಲೆಸಿದವರಿಗೆ, ಎರಡು ರಾತ್ರಿ ತಂಗಿದವರಿಗಲ್ಲ. ಸುಂಕ ಸೇರಿಸಿದರೆ ಶಿವಮೊಗ್ಗದ ಗಾಂಧಿ ಬಜಾರಿನ ಅಂಗಡಿಯವರೇ ವಾಸಿ.

ಹನ್ನೊಂದಕ್ಕೆ ವಾಪಸ್, ಊಟ, ನಿದ್ದೆ. ನಾಲ್ಕರವರೆಗೆ ಹೊರಗೆ ಕಾಲಿಡಬೇಡಿ.

ಮೆಟ್ರೋಗೆ ನೋಲ್ ಕಾರ್ಡ್ ಬೇಕು. ಸಿಲ್ವರ್ ಕಾರ್ಡ್ 25 ದಿರ್ಹಮ್, ಅದರಲ್ಲಿ 19 ಪ್ರಯಾಣಕ್ಕೆ. ಒಬ್ಬೊಬ್ಬರಿಗೂ ಒಂದೊಂದು, ಇಬ್ಬರಿಗೆ ಒಂದೇ ಕಾರ್ಡ್ ನಡೆಯದು. ಒಂದು ವಲಯದೊಳಗೆ 3, ಎರಡಕ್ಕೆ 5, ಅದಕ್ಕಿಂತ ದೂರಕ್ಕೆ 7.50 ದಿರ್ಹಮ್. ಗಂಡ-ಹೆಂಡತಿ ಜೊತೆಗೇ ಹತ್ತಿ ಹೆಂಗಸರ ಬೋಗಿಗೆ ಹೋಗಿಬಿಡುವುದು ಮಾಮೂಲು ತಪ್ಪು. ಪ್ಲಾಟ್‌ಫಾರ್ಮಿನ ಗುಲಾಬಿ ಗೆರೆ ನೋಡಿಕೊಳ್ಳಿ, ಗಂಡಸಿಗೆ 100 ದಿರ್ಹಮ್ ದಂಡ. ಚೂಯಿಂಗ್ ಗಮ್ ಅಗಿದರೂ ಅಷ್ಟೇ ದಂಡ.

ಸಂಜೆಗೆ ಬುರ್ಜ್ ಖಲೀಫಾ. 828 ಮೀಟರ್. 253 ಮೀಟರಿನ ಜೋಗವನ್ನು ಒಂದರ ಮೇಲೊಂದು ಮೂರು ಇಟ್ಟರೂ ಅದರ ನೆತ್ತಿ ಮುಟ್ಟದು. ಮೆಟ್ರೋ ನಿಲ್ದಾಣದಿಂದ ದುಬೈ ಮಾಲ್‌ಗೆ ಎಸಿ ಸೇತುವೆಯುಂಟು, ಆದರೆ ಅದು ಮುಕ್ಕಾಲು ಕಿಲೋಮೀಟರಿಗೂ ಉದ್ದ. ಮಂಡಿನೋವಿನವರು ಟ್ಯಾಕ್ಸಿ ಮಾಡುವುದೇ ಒಳ್ಳೆಯದು. 452 ಮೀಟರ್ ಎತ್ತರದ 124ನೇ ಮಹಡಿ ಸಾಕು. 148ನೆಯದಕ್ಕೆ ಕೊಡುವ ಹೆಚ್ಚಿನ ಹಣಕ್ಕೆ ಸೋಫಾ, ಕಾಫಿ, ಕಡಿಮೆ ಜನ ಸಿಗುತ್ತಾರೆಯೇ ಹೊರತು ಊರು ಬೇರೆಯದಾಗುವುದಿಲ್ಲ. ಸೂರ್ಯಾಸ್ತದ ಹೊತ್ತಿನ ಟಿಕೆಟ್ ಅತಿ ದುಬಾರಿ. ಬೇಸಿಗೆಯಲ್ಲಿ ಆಗ ಧೂಳುಮಬ್ಬು ಕವಿದು ದಿಗಂತವೆಲ್ಲ ಹಾಲುಹಾಲು. ಕತ್ತಲಾದ ಮೇಲಿನ ಅಗ್ಗದ ಟಿಕೆಟ್ಟಿನಲ್ಲಿ ದೀಪಗಳಾದರೂ ಖಚಿತ. ಕೆಳಗಿನ ಕೆರೆಯ ಕಾರಂಜಿ ಸಂಜೆ ಹೊತ್ತು ಬಿಟ್ಟಿ. ಮಾಲ್ ಒಳಗಿನ ಅಕ್ವೇರಿಯಂ ಟ್ಯಾಂಕಿನ ದೊಡ್ಡ ಗಾಜು ಕೂಡ ಓಡಾಡುವ ಜಾಗದಿಂದಲೇ ಕಾಣುತ್ತದೆ, ಟಿಕೆಟ್ ತೆಗೆಸಬೇಕಿಲ್ಲ.

ಎಸಿಯಿಂದ ಹೊರಗೆ ಬಂದ ಕೂಡಲೇ ಕನ್ನಡಕ, ಫೋನಿನ ಲೆನ್ಸ್ ಮಂಜುಗಟ್ಟುತ್ತವೆ. ಸಮುದ್ರದ ತೇವದ ಬಿಸಿಗಾಳಿ ತಣ್ಣನೆ ಗಾಜಿನ ಮೇಲೆ ನೀರಾಗುವುದರಿಂದ ಹೀಗೆ. ಒರೆಸಿದರೆ ಮತ್ತೆ ಕೂರುತ್ತದೆ. ಹತ್ತು ಹದಿನೈದು ನಿಮಿಷ ಚೀಲದಲ್ಲೇ ಬಿಟ್ಟು, ಗಾಜು ಬೆಚ್ಚಗಾದ ಮೇಲೆ ತೆಗೆಯಿರಿ.

ಎರಡನೇ ದಿನ ಮರುಭೂಮಿ ಸಫಾರಿ. ಮಧ್ಯಾಹ್ನ ಮೂರರ ಸುಮಾರಿಗೆ ಕರೆದೊಯ್ದು ರಾತ್ರಿ ಒಂಬತ್ತರ ಮೇಲೆ ಬಿಡುತ್ತಾರೆ. ಮರಳಿನ ಅಂಚಿನಲ್ಲಿ ಜೀಪು ನಿಲ್ಲಿಸಿ ಡ್ರೈವರ್ ನಾಲ್ಕೂ ಟೈರಿನ ಗಾಳಿ ಬಿಡುತ್ತಾನೆ, 35ರ ಆಸುಪಾಸಿದ್ದದ್ದು 15–18ಕ್ಕೆ ಇಳಿಯುತ್ತದೆ. ಟೈರು ಚಪ್ಪಟೆಯಾಗಿ ಹೆಚ್ಚು ಜಾಗಕ್ಕೆ ಭಾರ ಹಂಚುವುದರಿಂದ ಗಾಡಿ ಹೂತುಹೋಗುವುದಿಲ್ಲ. ಕೆಸರುಗದ್ದೆಗೆ ಟ್ರ್ಯಾಕ್ಟರ್ ಇಳಿಸುವಾಗ ಕೇಜ್ ವೀಲ್ ಹಾಕುವ ಲೆಕ್ಕವೇ ಇದು. ಗಾಳಿ ಬಿಡದೆ ನುಗ್ಗಿಸುವ ಡ್ರೈವರ್ ಸಿಕ್ಕರೆ ಇಳಿದುಬಿಡಿ. ಹಿಂದಿನ ಮೂರನೇ ಸಾಲಿನಲ್ಲಿ ಕುಲುಕಾಟ ಹೆಚ್ಚು. ನಡುಸಾಲು ಕೇಳಿ ಪಡೆಯಿರಿ, ಮಧ್ಯಾಹ್ನ ಅರ್ಧ ಹೊಟ್ಟೆ ಉಣ್ಣಿ. ಬೆನ್ನು ಅಥವಾ ಕುತ್ತಿಗೆ ನೋವು, ಹೃದಯದ ತೊಂದರೆ ಇದ್ದವರು, ಗರ್ಭಿಣಿಯರು ದಿಬ್ಬ ಹತ್ತಿಳಿಯುವ ಸವಾರಿಗೆ ಹೋಗಲೇಬಾರದು. ಬುಕ್ ಮಾಡುವಾಗಲೇ "ಸೀದಾ ಕ್ಯಾಂಪಿಗೆ" ಎಂದು ಹೇಳಿದರೆ ಬೇರೆ ದಾರಿಯಲ್ಲಿ ಒಯ್ಯುತ್ತಾರೆ. ಅಗ್ಗದ ಸಫಾರಿಯಲ್ಲಿ ಕ್ವಾಡ್ ಬೈಕ್, ಗಿಡುಗದ ಜೊತೆ ಫೋಟೋ ಎಲ್ಲಕ್ಕೂ ಬೇರೆ ಕಾಸು. ಊಟದಲ್ಲಿ ಸಸ್ಯಾಹಾರಕ್ಕೆ ಬೇಳೆ, ಅನ್ನ, ಹಮ್ಮಸ್, ಸಲಾಡ್ ಇರುತ್ತವೆ, ಆದರೆ ಬಡಿಸುವ ಸೌಟು ಅದಲುಬದಲಾಗುತ್ತದೆ. ಮಡಿಯವರು ಸಾಲಿನ ಮೊದಲಲ್ಲೇ ನಿಲ್ಲಿ. ಹಣ ಸ್ವಲ್ಪ ಹೆಚ್ಚಾದರೂ ಸರಿ ಅನ್ನುವವರಿಗೆ ದುಬೈ ಮರುಭೂಮಿ ಸಂರಕ್ಷಿತ ಪ್ರದೇಶದೊಳಗಿನ ನಿಧಾನದ ಸವಾರಿ ಒಳ್ಳೆಯದು. 225 ಚದರ ಕಿ.ಮೀ. ಜಾಗ, ಓರಿಕ್ಸ್ ಎಂಬ ಬಿಳಿ ಹುಲ್ಲೆ ಕಣ್ಣಿಗೆ ಬೀಳುತ್ತದೆ.

ಉಳಿದವು ಚುಟುಕಾಗಿ. ಪಾಮ್ ಜುಮೇರಾ ದ್ವೀಪ ಆಕಾಶದಿಂದ ನೋಡಿದರೆ ತಾಳೆಗರಿ, ಒಳಗೆ ಹೋದರೆ ರಸ್ತೆ, ಬಿಡಬಹುದು. ಬುರ್ಜ್ ಅಲ್ ಅರಬ್ ಹೋಟೆಲಿನ ಒಳಗೆ ಬುಕಿಂಗ್ ಇಲ್ಲದೆ ಬಿಡುವುದಿಲ್ಲ, ಪಕ್ಕದ ಸಾರ್ವಜನಿಕ ದಂಡೆಯಿಂದ ಬೆಳಗ್ಗೆ ಆರಕ್ಕೆ ನೋಡಿದರೆ ಸಾಕು. ಫೋಟೋ ಚೌಕಟ್ಟಿನ ಆಕಾರದ, 150 ಮೀಟರಿನ ದುಬೈ ಫ್ರೇಮ್ ಬುರ್ಜ್ ಖಲೀಫಾ ಹತ್ತದವರಿಗೆ ಮಾತ್ರ. ದಾರಿಯಲ್ಲಿ ಕೈ ಹಿಡಿದು ನಡೆದರೆ ಯಾರೂ ಏನೂ ಅನ್ನುವುದಿಲ್ಲ, ಹೊಸ ಜೋಡಿಗಳು ಅಪ್ಪುಗೆ, ಮುತ್ತಿನ ಸೆಲ್ಫಿ ರೂಮಿನಲ್ಲೇ ಇಟ್ಟುಕೊಳ್ಳಿ. ಬೇರೆಯವರ, ಅದರಲ್ಲೂ ಹೆಂಗಸರ ಫೋಟೋ ಕೇಳದೆ ತೆಗೆಯುವುದು ಅಲ್ಲಿ ಅಪರಾಧ.

ವಾಟ್ಸಾಪ್‌ನಲ್ಲಿ ಸಂದೇಶ ಹೋಗುತ್ತದೆ, ಕಾಲ್ ಹೋಗುವುದಿಲ್ಲ. ಅಲ್ಲಿ ಇಂಟರ್ನೆಟ್ ಕರೆಗಳಿಗೆ ನಿರ್ಬಂಧವಿದೆ. ತಲುಪಿದೆವೆಂದು ಊರಿಗೆ ಹೇಳುವುದು ವಾಯ್ಸ್ ಮೆಸೇಜಿನಲ್ಲಿ ಎಂದು ಹೊರಡುವ ಮೊದಲೇ ತಿಳಿಸಿಬಿಡಿ, ಇಲ್ಲವಾದರೆ ಮನೆಯಲ್ಲಿ ಗಾಬರಿ. ನಮ್ಮ ದುಂಡು ಪಿನ್ನಿನ ಚಾರ್ಜರ್ ಅಲ್ಲಿನ ಚಪ್ಪಟೆ ಮೂರು ಪಿನ್ನಿನ ಸಾಕೆಟ್ಟಿಗೆ ಕೂರುವುದಿಲ್ಲ, ಅಡಾಪ್ಟರ್ ಬೆಂಗಳೂರಿನಲ್ಲೇ ತೆಗೆದುಕೊಳ್ಳಿ. ಖರ್ಜೂರ ಕೊಳ್ಳುವುದು ಕೊನೆಯ ಸಂಜೆ, ಕರಾಮಾದ ಯಾವುದಾದರೂ ಸೂಪರ್‌ಮಾರ್ಕೆಟ್ಟಿನಲ್ಲಿ. ಅದೇ ಮಜ್ದೂಲ್ ಖರ್ಜೂರ ಏರ್‌ಪೋರ್ಟಿನಲ್ಲಿ ಚಿನ್ನದ ಬಣ್ಣದ ಡಬ್ಬಿ ಸೇರಿದ ಮೇಲೆ ದರವೇ ಬೇರೆ.